ಮುನ್ನೂರು ಹೆಜ್ಜೆ

ಮಿಸ್ಕಿಟಾ ಅಂಕಲ್ಲಿಗೆ ನಾಲಿಗೆ ಹೋಗಿ ಎರಡು ವರ್ಷ.
ಮಾತಲ್ಲ, ರುಚಿ. ಪರೇಲಿನ ಆಸ್ಪತ್ರೆಯ ಕಿರಣ
ಗಂಟಲ ಗಂಟನ್ನು ಸುಟ್ಟಿತು, ಜೊತೆಗೆ
ಉಪ್ಪು ಹುಳಿ ಖಾರಗಳ ವಿಳಾಸವನ್ನೂ.

ಕಲೀನಾದಲ್ಲಿ ಅವರ ಜಗಲಿಯೇ ನನ್ನ ಝೆರಾಕ್ಸ್ ಅಂಗಡಿ.
ಬಾಡಿಗೆಯ ಜೊತೆ ಇನ್ನೊಂದು ಬಾಕಿ ಸೇರಿಕೊಂಡಿತು:
ಶುಕ್ರವಾರಕ್ಕೊಂದು ಪೊಟ್ಟಣ ಫಿಶ್ ಆ್ಯಂಡ್ ಚಿಪ್ಸ್.
"ರುಚಿಯೇ ತಿಳಿಯುವುದಿಲ್ಲವಲ್ಲ ಅಂಕಲ್?" ಅಂದರೆ
"ಕಿವಿ ಇದೆಯಲ್ಲೋ ಶ್ರೀಯಾನ್."

ಹಡಗಿನಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿದವರು.
ಹಲ್ ಅಂತ ಒಂದು ಬಂದರಂತೆ, ಅಲ್ಲಿಯ ಚಳಿಗೆ
ಬಿಸಿ ಪೊಟ್ಟಣವನ್ನು ಮೊದಲು ಅಂಗಿಯೊಳಗೆ ಇಟ್ಟುಕೊಳ್ಳುವುದು,
ಆಮೇಲೆ ತಿನ್ನುವುದು. ಆ ಊರಿನ ಮಾತೆತ್ತುವ ಮುಂಚೆ
ಕಟ್ಟಿಸಿದ ಹಲ್ಲನ್ನು ಲೋಟದಿಂದ ತೆಗೆದು ತೊಡುತ್ತಾರೆ.

ನನಗೆ ಮೀನು ಗೊತ್ತು. ಮಲ್ಪೆಯಲ್ಲಿ ನನ್ನಜ್ಜಿ
ಕಿವಿರು ಎತ್ತಿ ನೋಡದೆ ದೇವರನ್ನೂ ನಂಬುತ್ತಿರಲಿಲ್ಲ.
ಇಲ್ಲಿ ಮೀನಿಗೆ ಕಿವಿರೇ ಇಲ್ಲ. ಬಾಂದ್ರಾದ ಗಾಜಿನ ಹೋಟೆಲಿನಲ್ಲಿ
ಕರಿ ಕಲ್ಲಿನ ಹಲಗೆಯ ಮೇಲೆ ಮಲಗಿ ಬಂದದ್ದು ಬಾಸಾ,
ಪೆಟ್ಟಿಗೆಯಲ್ಲಿ ಪ್ರಯಾಣ ಮಾಡಿದ್ದು, ಕಡಲು ಕಂಡದ್ದಲ್ಲ.
ಕುರ್ಲಾದ ಮಾಲಿನಲ್ಲಿ ಬ್ರೆಡ್ಡಿನ ಪುಡಿಯೇ ಮೀನು.
ಸಾಂತಾಕ್ರೂಜ್ ಸ್ಟೇಷನ್ ಪಕ್ಕದ ಬಾರಿನವರು ಸುರಮಯಿಗೆ
ಮೆಣಸು ಅರಸಿನ ಸವರಿ, ಚಿಪ್ಸ್ ಅಂತ ವೇಫರ್ ಇಟ್ಟರು.
ಚೆನ್ನಾಗಿತ್ತು. ರಿಕ್ಷಾದಲ್ಲೇ ಅರ್ಧ ಮುಗಿಸಿದೆ.

ಎಲ್ಲ ಪೊಟ್ಟಣಗಳೂ ಮನೆ ಮುಟ್ಟುವಾಗ ಬೆವರಿರುತ್ತಿದ್ದವು.
ಅಂಕಲ್ ತುಂಡನ್ನು ಕಿವಿಯ ಹತ್ತಿರ ಹಿಡಿದು ಮುರಿಯುವರು,
ವಾಚು ರಿಪೇರಿಯವನ ಹಾಗೆ.
"ಸದ್ದಿಲ್ಲ."
ಬೆಕ್ಕಿಗೆ ಹಾಕುವರು.
ಹದಿನಾಲ್ಕು ಶುಕ್ರವಾರಕ್ಕೆ ಬೆಕ್ಕು ದಪ್ಪಗಾಯಿತು.

ತಪ್ಪು ಅಡುಗೆಯದಲ್ಲ, ದೂರದ್ದು ಅಂತ ಹೊಳೆದದ್ದು
ವಕೋಲಾದ ಟ್ರಾಫಿಕ್ಕಿನಲ್ಲಿ, ತೊಡೆಯ ಮೇಲಿನ ಪೊಟ್ಟಣದೊಳಗೆ
ಆವಿ ಗರಿಮುರಿಯನ್ನೆಲ್ಲ ನೆನೆಸುತ್ತಿದ್ದಾಗ.
ರಿಕ್ಷಾ ಹತ್ತಿ ಬರುವ ವಸ್ತುವಲ್ಲ ಅದು,
ನಡೆದು ತರುವಷ್ಟು ಹತ್ತಿರ ಇರಬೇಕು.

ಹಿಂದಿನ ಗಲ್ಲಿಯ ಎವ್ಲಿನ್,
ಮದುವೆಗಳಿಗೆ ಪೊಟೇಟೊ ಚಾಪ್ ಮಾಡಿಕೊಡುವವಳು,
ಆಧಾರ್ ಕಾರ್ಡಿನ ಎರಡು ಪ್ರತಿ ತೆಗೆಸಲು ಬಂದವಳು ಅಂದಳು:
"ಮೋರಿ ತಂದುಕೊಡು, ನೋಡೋಣ."
ಕನ್ನಡದಲ್ಲಿ ಆ ಹೆಸರು ಚರಂಡಿಗೆ. ಆದರೆ ಅದು ನಮ್ಮ ತಾಟೆ,
ಮರಿ ಸೊರ, ಬಾಣಂತಿಗೆ ಹಾಲು ಬರಲೆಂದು
ನನ್ನಜ್ಜಿ ಮಾರದೆ ತೆಗೆದಿಡುತ್ತಿದ್ದ ಮೀನು.
ಮುಳ್ಳಿಲ್ಲ, ಮೈ ಗಟ್ಟಿ. ಬಟಾಟೆ ಇಂದೋರಿನದೇ ಆಗಬೇಕು,
ತಳೆಗಾಂವಿನದು ಎಣ್ಣೆಗೆ ಬಿದ್ದರೆ ಅಳುತ್ತದೆ ಅಂದಳು.
ಮೈದಾಕ್ಕೆ ಅರ್ಧ ಬಾಟಲಿ ತಣ್ಣನೆಯ ಬಿಯರು,
ಉಳಿದರ್ಧ ತಾನು.

ಅವಳ ಬಾಗಿಲಿಂದ ಜಗಲಿಗೆ ಮುನ್ನೂರು ಹೆಜ್ಜೆ.
ಪೊಟ್ಟಣದ ಬಾಯಿ ತೆರೆದೇ ಹಿಡಿದು ಓಡಿದೆ,
ಶಿಲುಬೆಯ ಮೂಲೆ, ಮುಚ್ಚಿದ ಬಾವಿ, ಅಡ್ಡ ನಿಂತ ಟೆಂಪೊ,
ಐವತ್ತೆರಡರ ಗಂಡಸು, ಹಿಂದೆ ಎರಡು ನಾಯಿ.

ಅಂಕಲ್ ಮುರಿದರು.
ಕರ್ರ್ ಅಂತು, ಕಾಗದ ಸಿಕ್ಕಿಕೊಂಡ
ನನ್ನ ಮೆಷಿನ್ನಿನ ಹಾಗೆ.
ಇನ್ನೊಮ್ಮೆ ಮುರಿದರು. ಬೆಕ್ಕು ಕಾದು ಕೂತಿತ್ತು.

"ಎಣ್ಣೆ ಇನ್ನೊಂದು ಚೂರು ಕಾಯಬೇಕಿತ್ತು" ಅಂದರು.
ಆಮೇಲೆ ಅಗಿದರು, ಬಹಳ ಹೊತ್ತು, ಗೋಡೆ ನೋಡುತ್ತ.
"ನೀನು ತಿನ್ನು. ಹೇಗಿದೆ ಹೇಳು."

ತಿಂದೆ. ಮೆಣಸಿಲ್ಲ, ಹುಣಸೆಯಿಲ್ಲ.
ಸುಳ್ಳು ಹೇಳಲು ಬಾಯಿ ತೆರೆದೆ, ಬಿಸಿಗೆ ನಿಜ ಬಿತ್ತು:
"ಸಪ್ಪೆ, ಅಂಕಲ್. ಪೂರಾ ಸಪ್ಪೆ."

"ಹಾಂ!" ಮೇಜು ಗುದ್ದಿದರು. "ಅಲ್ಲೂ ಹಾಗೇ ಇತ್ತು,
ಸಪ್ಪೆ ಅಂದರೆ ಸಪ್ಪೆ!"
ತಟ್ಟೆಯನ್ನು ನನ್ನಿಂದ ದೂರ ಎಳೆದುಕೊಂಡರು.